ನಂದಿದುರ್ಗದ ಹಳೆಯ ಮೋಟಾರು ಮತ್ತು ಅದರ ಹಕ್ಕುದಾರರು

ಹಿರಿಯರು ಬಿಟ್ಟುಹೋದ ಹೊಲವನ್ನು ಮಾರಹೊರಟವನನ್ನು ನಮ್ಮ ನಾಡಿನ ಜನರು ಮನೆತನದ ಕೇಡಿಗನೆಂದು ಹಳಿಯುತ್ತಾರೆ. ಹಿರಿಯರ ಒಡವೆಯನ್ನು ಮಾರಿದವನನ್ನು ಕಂಡು ಅಯ್ಯೋ ಪಾಪವೆನ್ನುತ್ತಾರೆ. ಹಿರಿಯರ ಮೋಟಾರು ಗಾಡಿಯನ್ನು ಮಾರುವವನನ್ನು ಮಾತ್ರ ಏನೆಂದು ಕರೆಯಬೇಕೆಂಬುದನ್ನು ನಮ್ಮ ಸಮಾಜವು ಇನ್ನೂ ನಿಶ್ಚಯಿಸಿದಂತೆ ಕಾಣುವುದಿಲ್ಲ. ನಮ್ಮ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು ದಾಯಭಾಗದ ವಿಷಯದಲ್ಲಿ ಭರತಖಂಡದ ಬಹುಭಾಗಕ್ಕೆ ಪ್ರಮಾಣವಾಯಿತು. ಆದರೆ ಅದರಲ್ಲಿ ಮೋಟಾರಿನ ಸುದ್ದಿಯಿಲ್ಲ. ಇದ್ದಿದ್ದರೆ ಕೋಲಾರದ ಚಿನ್ನದ ಗಣಿಯ ಒಂದು ಮನೆಯಲ್ಲಿ ಈಗ ನಡೆದಿರುವ ಮನಸ್ತಾಪವು ನಮ್ಮ ಕಚೇರಿಯ ಮೇಜಿನ ವರೆಗೆ ಬರುತ್ತಿರಲಿಲ್ಲ.

ಸಂಗತಿ ಇಷ್ಟು. ನಂದಿದುರ್ಗ ಗಣಿಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದ ಗೃಹಸ್ಥರೊಬ್ಬರು, ೧೯೫೭ರಲ್ಲಿ ಸ್ವದೇಶಕ್ಕೆ ಹೊರಟುನಿಂತಿದ್ದ ಒಬ್ಬ ಆಂಗ್ಲ ಅಧಿಕಾರಿಯಿಂದ ೧೯೩೭ನೆಯ ಇಸವಿಯ ಮಾರಿಸ್ ಎಯ್ಟ್ ಗಾಡಿಯೊಂದನ್ನು ಕೊಂಡರು. ತಮ್ಮ ಸಂಬಳದಲ್ಲಿ ಉಳಿಸಿದ ಹಣದಿಂದ ಕೊಂಡರು. ತಮ್ಮ ಹೆಸರಿಗೆ ದಾಖಲೆಯನ್ನೂ ಮಾಡಿಸಿಕೊಂಡರು. ೧೯೭೯ರಲ್ಲಿ ಅವರು ಉಯಿಲು ಬರೆಯದೆ ಕಾಲವಾದರು. ಕೆಲವು ವರ್ಷಗಳಲ್ಲಿ ಅವರ ಪತ್ನಿಯೂ ತೀರಿಕೊಂಡರು. ಒಬ್ಬನೇ ಮಗನು ಅದೇ ಗಣಿಯಲ್ಲಿ ದುಡಿದು, ೨೦೦೧ರಲ್ಲಿ ಗಣಿಯ ಬಾಗಿಲು ಮುಚ್ಚಿದ ದಿನ ಮನೆಗೆ ಬಂದು, ಈಚೆಗೆ ಅವನೂ ಇಲ್ಲವಾದನು. ಗಾಡಿಯು ತಗಡಿನ ಷೆಡ್ಡಿನಲ್ಲಿ ಮರದ ಹಲಗೆಗಳ ಮೇಲೆ ಏರಿ ನಿಂತಿದೆ. ಮೊಮ್ಮಕ್ಕಳಿಬ್ಬರು. ಇಬ್ಬರೂ ಚಿನ್ನದ ಗಣಿಯ ಸಾವಿರಾರು ಮಂದಿಯಂತೆ ಮುಂಜಾನೆಯ ರೈಲನ್ನು ಹಿಡಿದು ಬೆಂಗಳೂರಿಗೆ ಹೋಗಿ, ದುಡಿದು, ರಾತ್ರಿಗೆ ಮರಳುವವರು. ಹಿರಿಯವನಿಗೆ ಒಬ್ಬ ದಲ್ಲಾಳಿ ಗಂಟುಬಿದ್ದು ಗಾಡಿಗೆ ಬೆಲೆ ಹೇಳಿ ಮುಂಗಡವನ್ನೂ ಕೈಗಿಟ್ಟಿದ್ದಾನೆ. ಆಗ ಬಂಗಾರಪೇಟೆಯಿಂದ ಸೋದರತ್ತೆಯ ಮಾತು ಬಂದಿತು. ಆಕೆಗೆ ಎಂಬತ್ತು ಸಮೀಪಿಸಿದೆ. “ಅದು ನಮ್ಮಪ್ಪನ ಗಾಡಿ ಕಣಪ್ಪ. ಮಾರಬೇಡ ಅನ್ನೋಲ್ಲ. ನನ್ನನ್ನ ಒಂದು ಮಾತು ಕೇಳಬೇಕೋ ಬೇಡವೋ?” ಎಂದಿಷ್ಟೇ ಆಕೆ ಹೇಳಿದ್ದು. ಹುಡುಗನು, “ಅತ್ತೆ, ನಿಮಗೆ ಮದುವೆಯಲ್ಲೇ ಎಲ್ಲಾ ಕೊಟ್ಟಾಗಿದೆಯಂತಲ್ಲ” ಎಂದನಂತೆ. ಅಲ್ಲಿಗೆ ಮಾತು ನಿಂತಿತು. ಕಿರಿಯವನು ನಮಗೆ ಕಾಗದ ಬರೆದು, ನ್ಯಾಯವಾವುದೆಂದು ಕೇಳಿದ್ದಾನೆ. ಹೆಸರುಗಳನ್ನು ನಾವು ಅಚ್ಚುಮಾಡುವುದಿಲ್ಲ. ಆದರೆ ಇಂತಹ ಷೆಡ್ಡುಗಳು ನಾಡಿನಲ್ಲಿ ಇದೊಂದೇ ಅಲ್ಲವಾದ್ದರಿಂದ ಉತ್ತರವನ್ನು ಬಹಿರಂಗವಾಗಿಯೇ ಬರೆಯುವುದು ಮೇಲೆಂದು ತೋರಿತು.

ದೂರದ ವಾಚಕರಿಗಾಗಿ ಒಂದು ಮಾತು. ಇಲ್ಲಿ ನಂದಿದುರ್ಗವೆಂದರೆ ಟಿಪ್ಪುವಿನ ಕೋಟೆಯುಳ್ಳ ಬೆಟ್ಟವಲ್ಲ. ಆ ಬೆಟ್ಟವು ೨೦೦೭ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರದ ಜಿಲ್ಲೆಗೆ ಸೇರಿಹೋಯಿತು. ನಾವು ಹೇಳುತ್ತಿರುವುದು ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ನಾಲ್ಕು ಹೆಸರಿನಲ್ಲಿ ನಡೆದ ಚಿನ್ನದ ಗಣಿಗಳಲ್ಲಿ ಕಡೆಯದನ್ನು. ಬೆಟ್ಟದ ಮೇಲೆ ತಂಪು. ಈ ನಂದಿದುರ್ಗದಲ್ಲಿ ಗಾಳಿಕಾಲ ಬಂದರೆ ಸೈನೈಡ್ ದಿಬ್ಬಗಳ ಬೂದುಬಣ್ಣದ ಧೂಳು ಮನೆಯೊಳಕ್ಕೆ, ಅನ್ನದೊಳಕ್ಕೆ, ಮುಚ್ಚಿಟ್ಟ ಮೋಟಾರಿನೊಳಕ್ಕೆ ಸಹ ನುಗ್ಗುತ್ತದೆ.

ಈ ಊರಿಗೆ ಮೋಟಾರು ಬಂದ ಬಗೆ ಸ್ವಾರಸ್ಯವಾದುದು. ೧೮೭೩ರಲ್ಲಿ ಮೈಕೇಲ್ ಲಾವೆಲ್ ಎಂಬ ನಿವೃತ್ತ ಸೈನಿಕನು ಇಲ್ಲಿ ಅಗೆಯುವ ಹಕ್ಕಿಗಾಗಿ ಸರಕಾರವನ್ನು ಕೋರಿದನು. ೧೮೮೦ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ಆಡಳಿತಕ್ಕೆ ಕೈಹಾಕಿತು. ಆಗ ಬೌರಿಂಗಪೇಟೆಯೆನಿಸಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪದ ವರೆಗೆ ೧೮೯೪ರಲ್ಲಿ ರೈಲು ಬಂದಿತು. ಶಿವನಸಮುದ್ರದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಬಂದಿತು. ಮೈಸೂರು ಸೀಮೆಯ ನಗರಗಳೇ ಎಣ್ಣೆಯ ದೀಪದಲ್ಲಿದ್ದಾಗ ಗಣಿಯ ಯಂತ್ರಗಳು ಕಾವೇರಿಯ ಬಲದಿಂದ ತಿರುಗಿದವು. ಇವೆಲ್ಲವೂ ಭೂಮಿಯೊಳಗಣ ಚಿನ್ನಕ್ಕಾಗಿ ಬಂದ ಸೌಕರ್ಯಗಳು. ಮೋಟಾರು ಮಾತ್ರ ಭೂಮಿಯ ಮೇಲಿದ್ದ ದೊರೆಗಳಿಗಾಗಿ ಬಂದಿತು. ಬಂಗಲೆಯಿಂದ ಗಣಿಯ ಬಾಯಿಗೆ, ಗಣಿಯ ಬಾಯಿಯಿಂದ ಕ್ಲಬ್ಬಿಗೆ, ಭಾನುವಾರ ಇಗರ್ಜಿಗೆ — ಇಷ್ಟೇ ಅದರ ಸಂಚಾರ. ಈ ಪ್ರದೇಶವನ್ನು ಪುಟ್ಟ ಇಂಗ್ಲೆಂಡೆಂದು ಕರೆಯುವ ವಾಡಿಕೆ ಅಂದಿನಿಂದ ಬಂದುದು. ಮೂರು ಸಾವಿರ ಮೀಟರಿಗೂ ಆಳದ ಬಿಸಿಯಲ್ಲಿ ಬಂಡೆ ಕೊರೆದವರು ತಗಡಿನ ಸಾಲುಮನೆಗಳಿಗೆ ನಡೆದೇ ಹೋಗುತ್ತಿದ್ದರೆಂಬುದನ್ನು ಆ ಹೆಸರನ್ನು ಉಚ್ಚರಿಸುವಾಗ ಮರೆಯಬಾರದು.

೧೯೫೬ರಲ್ಲಿ ಮೈಸೂರು ಸರಕಾರವು ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತಿದರು. ಹಡಗಿಗೆ ಹೊರಿಸಲು ಯೋಗ್ಯವಲ್ಲದ ವಸ್ತುಗಳನ್ನು — ಪಿಯಾನೋ, ಬೆತ್ತದ ಕುರ್ಚಿ, ಬೇಟೆಯ ನಾಯಿ, ಹಳೆಯ ಮೋಟಾರು — ಇಲ್ಲಿಯೇ ಮಾರಿದರು. ಕೊಂಡವರು ಯಾರು? ಗುತ್ತಿಗೆದಾರರು, ವೈದ್ಯರು, ಮೇಲ್ದರ್ಜೆಯ ಗುಮಾಸ್ತರು. ನಮ್ಮ ಉಗ್ರಾಣದ ಗೃಹಸ್ಥರು ಆ ಸಾಲಿನವರು. ದೊರೆಯ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ನಿಂತವನು ದೊರೆಯ ಗಾಡಿಯ ಚಕ್ರವನ್ನು ಹಿಡಿದು ಕುಳಿತಾಗ ಅವನಿಗಾದ ಭಾವವನ್ನು ಇಂದಿನ ದಲ್ಲಾಳಿಯು ಬೆಲೆಗೆ ಹಿಡಿಯುವುದಿಲ್ಲ, ಹಿಡಿಯಲೂ ಬಾರದು. ಆದರೆ ಹತ್ತು ವರ್ಷದ ಹೆಣ್ಣುಮಗಳಾಗಿ ಆ ಗಾಡಿಯ ಹಿಂದಿನ ಆಸನದಲ್ಲಿ ಕುಳಿತು ರಾಬರ್ಟ್ಸನ್‌ಪೇಟೆಯ ಬೀದಿಯನ್ನು ನೋಡಿದ ಸೋದರತ್ತೆಗೆ ಅದು ನೆನಪಿದೆ. “ಒಂದು ಮಾತು” ಎಂದು ಆಕೆ ಕೇಳಿದುದು ಅದಕ್ಕಾಗಿಯೇ ಇರಬೇಕು.

ಗಣಿಗಳು ೧೯೬೨ರಲ್ಲಿ ಭಾರತ ಸರಕಾರಕ್ಕೆ ಹೋದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ೨೦೦೧ರ ಫೆಬ್ರವರಿಯ ಕೊನೆಯ ದಿನ ಎಲ್ಲವೂ ನಿಂತಿತು. ಆಮೇಲೆ ಗುಜರಿಯವರ ಕಾಲ. ಕಬ್ಬಿಣ, ತಾಮ್ರ, ಹಿತ್ತಾಳೆಗಳ ಜೊತೆಗೆ ಹಿರಿಯರ ಷೆಡ್ಡಿನಲ್ಲಿದ್ದುದೂ ತೂಕದ ಲೆಕ್ಕದಲ್ಲಿ ಹೋಯಿತು. ಉಳಿದುದು ಸ್ವಲ್ಪ. ಈಗ ಗುಜರಿಯವನ ಸ್ಥಾನದಲ್ಲಿ ಇಸ್ತ್ರಿಯ ಅಂಗಿ ತೊಟ್ಟ ದಲ್ಲಾಳಿ ಬಂದಿದ್ದಾನೆ, ಅಷ್ಟೇ ವ್ಯತ್ಯಾಸ.

ಇನ್ನು ಗಾಡಿಯ ವಿಚಾರ. ಮಾರಿಸ್ ಎಯ್ಟನ್ನು ೧೯೩೫ರಿಂದ ೧೯೩೮ರ ವರೆಗೆ ಮೊದಲ ಮಾದರಿಯಲ್ಲಿ ತಯಾರಿಸಿದರು. ಆ ನಾಲ್ಕು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ನಾಲ್ಕು ಸಿಲಿಂಡರು, ೯೧೮ ಘನ ಸೆಂಟಿಮೀಟರಿನ ಎಂಜಿನು, ಮೂರು ಗೇರು, ಆರು ವೋಲ್ಟಿನ ಬ್ಯಾಟರಿ. ಅಷ್ಟು ಅಗ್ಗದ ಗಾಡಿಗೆ ಎಣ್ಣೆಯ ಒತ್ತಡದಿಂದ ಕೆಲಸಮಾಡುವ ಬ್ರೇಕನ್ನು ಕೊಟ್ಟಿದ್ದರೆಂಬುದು ಆ ಕಾಲಕ್ಕೆ ಹೆಮ್ಮೆಯ ವಿಷಯ. ‘ಎಯ್ಟ್’ ಎಂದರೆ ಎಂಟು ಕುದುರೆಗಳ ಬಲವೆಂದು ಅನೇಕರು ತಿಳಿದಿದ್ದಾರೆ. ಅದು ಬಲದ ಲೆಕ್ಕವಲ್ಲ, ತೆರಿಗೆಯ ಲೆಕ್ಕ. ಇಂಗ್ಲೆಂಡಿನಲ್ಲಿ ಸಿಲಿಂಡರಿನ ವ್ಯಾಸವನ್ನು ಅಂಗುಲದಲ್ಲಿ ಅಳೆದು, ವರ್ಗಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿ ಬಂದ ಅಂಕಿಗೆ ತೆರಿಗೆ ಕಟ್ಟುತ್ತಿದ್ದರು. ೧೯೩೫ರಿಂದ ಆ ತೆರಿಗೆ ಅಂಕಿಯೊಂದಕ್ಕೆ ಹದಿನೈದು ಷಿಲಿಂಗು. ಆದುದರಿಂದ ಅಲ್ಲಿನವರು ತೆರಿಗೆಯನ್ನು ತಗ್ಗಿಸಲು ಸಣ್ಣ ವ್ಯಾಸದ, ಉದ್ದ ಹೊಡೆತದ ಎಂಜಿನುಗಳನ್ನೇ ಮಾಡಿದರು. ಬಿಲಾಯಿತಿಯ ತೆರಿಗೆಯ ಕಟ್ಟಳೆಯೊಂದು ಎಂಜಿನಿನ ರೂಪವನ್ನು ಧರಿಸಿ ಕೋಲಾರದ ಧೂಳಿನಲ್ಲಿ ಈಗಲೂ ನಿಂತಿದೆಯೆಂದರೆ ತಪ್ಪಾಗಲಾರದು.

ಈ ಪ್ರಸಂಗದಲ್ಲಿ ನಮ್ಮ ಮನಸ್ಸಿಗೆ ಇನ್ನೊಂದು ವಿಷಯ ಬಾರದಿರದು. ಆ ತಲೆಮಾರಿನಿಂದ ನಮಗೆ ಬಂದ ಹಳೆಯ ಮೋಟಾರುಗಳೆಲ್ಲವೂ ವಿದೇಶದ ವಿನ್ಯಾಸದವೇ ಏಕೆ? ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಂಡು, ನಮ್ಮ ದೇಶದಲ್ಲಿಯೇ ಒಂದನ್ನು ಕಟ್ಟುವ ಯೋಜನೆಯನ್ನು ಸಿದ್ಧಪಡಿಸಿದರು. ವಾಲಚಂದ ಹೀರಾಚಂದರು ಕೈಜೋಡಿಸಿದರು. ಬೊಂಬಾಯಿಯ ಕಾಂಗ್ರೆಸ್ ಮಂತ್ರಿಮಂಡಲವೂ, ಆಮೇಲೆ ಮೈಸೂರು ಸರ್ಕಾರವೂ ಸಹಾಯಕ್ಕೆ ಒಪ್ಪಿದ್ದವು. ದಿಲ್ಲಿಯ ಬ್ರಿಟಿಷ್ ಸರಕಾರವು ಬೆಂಬಲ ಕೊಡಲಿಲ್ಲ. ವಾಲಚಂದರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದುದು ವಿಮಾನದ ಕಾರ್ಖಾನೆ. ಅವರ ಮೋಟಾರು ಸಂಸ್ಥೆ ಪ್ರೀಮಿಯರ್ ೧೯೪೪ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿತು. ಮೈಸೂರಿಗೆ ಮೋಟಾರು ಕಾರ್ಖಾನೆ ಅಂದೇ ಬಂದಿದ್ದರೆ ನಮ್ಮ ಗುಮಾಸ್ತರು ಹೋಗುವ ದೊರೆಯ ಹಳೆಯ ಗಾಡಿಗೆ ಕಾದಿರಬೇಕಾಗಿರಲಿಲ್ಲ.

ಇರಲಿ. ಬೆಲೆಯ ಮಾತಿಗೆ ಬರೋಣ. ಹಳೆಯ ಗಾಡಿಯೆಂದಾಕ್ಷಣ ಕೋಟಿಗಳ ಕನಸು ಕಾಣುವುದು ಈಚಿನ ರೋಗ. ಮೈಸೂರಿನ ಅರಮನೆಯವರು ರೋಲ್ಸ್ ರಾಯ್ಸ್ ಗಾಡಿಗಳನ್ನು ಏಳೇಳರಂತೆ ತರಿಸುತ್ತಿದ್ದರೆಂದೂ, ಕಂಪನಿಯ ಮಂದಿ ಅಂತಹ ದೊಡ್ಡ ಖರೀದಿಗೆ ಮೈಸೂರಿನ ಹೆಸರನ್ನೇ ಇಟ್ಟಿದ್ದರೆಂದೂ ಪ್ರತೀತಿಯಿದೆ. ಆ ಗಾಡಿಗಳಲ್ಲಿ ಹಲವು ಕೈಬದಲಾಗಿ ಸಂಗ್ರಾಹಕರ ಪಾಲಾದವು. ರಾಜಕೋಟೆಯ ಸಂಸ್ಥಾನಿಕರು ೧೯೩೪ರಲ್ಲಿ ಮಾಡಿಸಿದ್ದ ‘ಸ್ಟಾರ್ ಆಫ್ ಇಂಡಿಯಾ’ ಎಂಬ ರೋಲ್ಸ್ ರಾಯ್ಸನ್ನು ಆ ಮನೆತನದವರು ೧೯೬೮ರಲ್ಲಿ ಮಾರಿಬಿಟ್ಟರು. ನಾಲ್ಕು ದಶಕಗಳಾದ ಮೇಲೆ ಅದೇ ಮನೆತನದವರು ಅದನ್ನು ವಿದೇಶದಿಂದ ಮರಳಿ ಕೊಂಡುತಂದರು. ಮಾರಿದ ಬೆಲೆಗೂ ಮರಳಿ ಕೊಂಡ ಬೆಲೆಗೂ ಇದ್ದ ಅಂತರವನ್ನು ವಾಚಕರೇ ಊಹಿಸಿಕೊಳ್ಳಬಹುದು. ಆದರೆ ಅವು ಒಂದೊಂದಾಗಿ ಅಳತೆಕೊಟ್ಟು ಮಾಡಿಸಿದ ಗಾಡಿಗಳು. ಮಾರಿಸ್ ಎಯ್ಟ್ ಲಕ್ಷಗಟ್ಟಲೆ ತಯಾರಾದ ಸಂಸಾರಿಯ ಗಾಡಿ. ಅದಕ್ಕೆ ಗೌರವದ ಬೆಲೆಯುಂಟು, ರಾಜರ ಬೆಲೆಯಿಲ್ಲ. ದಲ್ಲಾಳಿಯು ರಾಜರ ಬೆಲೆ ಹೇಳಿದರೆ ಅವನ ಕಣ್ಣು ಬೇರೆ ಯಾವುದರ ಮೇಲೋ ಇದೆಯೆಂದು ತಿಳಿಯಬೇಕು.

ಏತರ ಮೇಲೆ? ಬಹುಮಟ್ಟಿಗೆ ಕಾಗದದ ಮೇಲೆ. ಹಳೆಯ ಗಾಡಿಯ ಬೆಲೆಯನ್ನು ಕಟ್ಟುವುದು ಬಣ್ಣವಲ್ಲ, ಹೊಳಪಲ್ಲ. ಎಂಜಿನಿನ ಅಂಕಿಯೂ ಷಾಸಿಯ ಅಂಕಿಯೂ ನೋಂದಣಿಯ ಪುಸ್ತಕದಲ್ಲಿ ಬರೆದಿರುವುದಕ್ಕೆ ಸರಿಹೊಂದುವುದು. ಮೂಲದ ಎಂಜಿನು ಸೀದುಹೋಗಿ ಬೇರೊಂದನ್ನು ಕೂರಿಸಿದ ಗಾಡಿ, ಎಷ್ಟೇ ಚೆನ್ನಾಗಿ ಓಡಿದರೂ, ಅರ್ಧ ಗಾಡಿ. ಹೊಸ ಬಣ್ಣ ಹೊಡೆಸಿದರೆ ಹೆಚ್ಚು ಬಂದೀತೆಂದು ಮಾರುವ ಮುನ್ನ ಸಾವಿರಾರು ರೂಪಾಯಿ ಸುರಿಯುವವರನ್ನು ನಾವು ಬಲ್ಲೆವು. ತಿಳಿದ ಕೊಳ್ಳುವವನು ಹಳೆಯ ಬಣ್ಣದ ಸೀಳನ್ನೇ ಹುಡುಕುತ್ತಾನೆ, ಹೊಸದರ ಕೆಳಗೆ ತುಕ್ಕನ್ನು ಮುಚ್ಚಿರಬಹುದೆಂದು ಅನುಮಾನಪಡುತ್ತಾನೆ. ಧೂಳು ಒರೆಸಿ, ಇಲಿಯ ಗೂಡು ತೆಗೆದು, ಕಳಚಿಟ್ಟಿರುವ ದೀಪ, ಬೀಗ, ಹ್ಯಾಂಡಲ್, ಚಕ್ರದ ಮುಚ್ಚಳಗಳನ್ನು ಒಂದು ಪೆಟ್ಟಿಗೆಗೆ ಹಾಕಿ ಗಾಡಿಯ ಜೊತೆಗಿಟ್ಟರೆ ಸಾಕು. ಹಲವು ವರ್ಷ ನಿಂತ ಎಂಜಿನನ್ನು ಕೊಳ್ಳುವವನಿಗೆ ತೋರಿಸುವ ಉತ್ಸಾಹದಲ್ಲಿ ಒಮ್ಮೆಗೇ ತಿರುಗಿಸಬಾರದು. ಅಂಟಿಕೊಂಡ ಪಿಸ್ಟನ್ ಮುರಿದರೆ ಬೆಲೆಯೂ ಮುರಿಯಿತು. ಮೇಲಿನಿಂದ ಎಣ್ಣೆ ಬಿಟ್ಟು, ಕೆಲವು ದಿನ ಬಿಟ್ಟು, ಹಳೆಯ ಗಾಡಿ ಬಲ್ಲ ಮೆಕ್ಯಾನಿಕ್‌ನಿಂದ ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿಸಬೇಕು. ಪೆಟ್ರೋಲಿನಲ್ಲಿ ಈಗ ಶೇಕಡಾ ಇಪ್ಪತ್ತರ ವರೆಗೆ ಎಥನಾಲ್ ಬೆರೆತಿದೆ. ಅದು ನೀರನ್ನು ಹೀರುತ್ತದೆ; ಆ ಕಾಲದ ರಬ್ಬರಿನ ಕೊಳವೆ, ಬಿರಡೆ, ಬೆಸುಗೆಗಳನ್ನು ತಿನ್ನುತ್ತದೆ. ಓಡಿಸಿ ನೋಡಿ ಹಾಗೆಯೇ ಟ್ಯಾಂಕಿನಲ್ಲಿ ಬಿಡುವುದು ಗಾಡಿಗೆ ವಿಷವಿಟ್ಟಂತೆ.

ಈಗ ಮುಖ್ಯ ಪ್ರಶ್ನೆ: ಗಾಡಿ ಯಾರದು?

ಹಿರಿಯ ಮೊಮ್ಮಗನ ತಿಳಿವಳಿಕೆಯು ನಾಡಿನ ಬಹುಜನರ ತಿಳಿವಳಿಕೆಯೇ ಆಗಿದೆ: ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು ಬಂದುದು ೨೦೦೫ರ ತಿದ್ದುಪಡಿಯಿಂದ, ತಾತ ತೀರಿದುದು ೧೯೭೯ರಲ್ಲಿ, ಆದುದರಿಂದ ಅತ್ತೆಗೆ ಏನೂ ಇಲ್ಲ. ಈ ತರ್ಕವು ಸರಿಯಲ್ಲ. ೨೦೦೫ರ ತಿದ್ದುಪಡಿಯು ಮಗಳನ್ನು ಹುಟ್ಟಿನಿಂದಲೇ ಅವಿಭಕ್ತ ಕುಟುಂಬದ ಸಹಭಾಗಿಯನ್ನಾಗಿ ಮಾಡಿತು. ಅದು ಪೂರ್ವಜರಿಂದ ಬಂದ ಕುಟುಂಬದ ಆಸ್ತಿಯ ಮಾತು. ಒಬ್ಬನು ತನ್ನ ದುಡಿಮೆಯಿಂದ ಗಳಿಸಿದ ಸ್ವಾರ್ಜಿತದ ಮಾತೇ ಬೇರೆ. ಅವನು ಉಯಿಲಿಲ್ಲದೆ ತೀರಿದರೆ, ೧೯೫೬ರ ಹಿಂದೂ ಉತ್ತರಾಧಿಕಾರದ ಕಾಯಿದೆಯಂತೆ, ಅವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ — ಇವರೆಲ್ಲರೂ ಮೊದಲ ದರ್ಜೆಯ ವಾರಸುದಾರರು, ಸಮಾನರು. ಮೊಮ್ಮಗನು ಹುಟ್ಟುವ ಮೊದಲೇ ಆ ಕಾಯಿದೆಯಿತ್ತು. ಗಾಡಿಯನ್ನು ತಾತನು ಕೊಳ್ಳುವ ಮೊದಲೂ ಇತ್ತು. ಮದುವೆಯಲ್ಲಿ ಸೀರೆ ಒಡವೆ ಪಾತ್ರೆ ಕೊಟ್ಟುದರಿಂದ ಆ ಹಕ್ಕು ಅಳಿಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ತಾತ ತೀರಿದಾಗ ಅಜ್ಜಿ, ಮಗ, ಮಗಳು: ಮೂವರಿಗೆ ಮೂರು ಪಾಲು. ಅಜ್ಜಿ ಉಯಿಲಿಲ್ಲದೆ ತೀರಿದಾಗ ಆಕೆಯ ಪಾಲು ಮಗನಿಗೂ ಮಗಳಿಗೂ ಸಮವಾಗಿ ಇಳಿಯಿತು. ಅಲ್ಲಿಗೆ ಅರ್ಧ ಮಗನದು, ಅರ್ಧ ಮಗಳದು. ಮಗ ತೀರಿದ ಮೇಲೆ ಅವನ ಅರ್ಧವು ಅವನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹಂಚಿಹೋಯಿತು. ಎಂದರೆ ಮುಂಗಡ ತೆಗೆದುಕೊಂಡಿರುವ ಹಿರಿಯ ಮೊಮ್ಮಗನಿಗೆ ಗಾಡಿಯಲ್ಲಿ ಇರುವುದು ಆರನೆಯ ಒಂದು ಪಾಲು. ಮೂಲೆಯಲ್ಲಿ ಮಾತಿಲ್ಲದೆ ಕುಳಿತಿರುವ ಅವನ ತಾಯಿಗೂ ಅಷ್ಟೇ ಉಂಟು. ಬಂಗಾರಪೇಟೆಯ ಅತ್ತೆಗೆ ಅರ್ಧ. ನಾಲ್ಕು ಚಕ್ರಗಳಲ್ಲಿ ಎರಡು ಆಕೆಯವು! ತನ್ನಲ್ಲಿಲ್ಲದ ಹಕ್ಕನ್ನು ಮಾರುವವನು ಕೊಡಲಾರನೆಂಬುದು ೧೯೩೦ರ ಸರಕು ಮಾರಾಟದ ಕಾಯಿದೆಯ ತಿರುಳು. ಆರನೆಯ ಒಂದು ಪಾಲಿನವನು ಇಡೀ ಗಾಡಿಗೆ ಮುಂಗಡ ಹಿಡಿದಿರುವುದು ಅವನಿಗೂ ಕ್ಷೇಮವಲ್ಲ, ಕೊಟ್ಟವನಿಗೂ ಕ್ಷೇಮವಲ್ಲ. ಕ್ರೈಸ್ತ ಕುಟುಂಬವಾಗಿದ್ದರೆ ೧೯೨೫ರ ಭಾರತೀಯ ಉತ್ತರಾಧಿಕಾರದ ಕಾಯಿದೆಯು ಅನ್ವಯಿಸಿ, ಹೆಂಡತಿಗೆ ಮೂರನೆಯ ಒಂದು, ಉಳಿದುದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮವಾಗಿ ಸಲ್ಲುತ್ತಿತ್ತು. ಚಿನ್ನದ ಗಣಿಯಲ್ಲಿ ಅಂತಹ ಮನೆಗಳು ಬಹಳವಿರುವುದರಿಂದ ಇದನ್ನೂ ಹೇಳಿದೆವು. ಯಾವ ಲೆಕ್ಕದಿಂದ ನೋಡಿದರೂ ಮಗಳು ಹೊರಗುಳಿಯುವುದಿಲ್ಲ.

ಕಚೇರಿಯ ಕೆಲಸ ಹೀಗೆ. ಗಾಡಿಯು ಇನ್ನೂ ತಾತನ ಹೆಸರಿನಲ್ಲಿದೆ. ಮಾಲೀಕ ತೀರಿದ ಮೂವತ್ತು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕೆಂದು ಈಗಿನ ನಿಯಮವಿದೆ. ಅದಕ್ಕೆ ೩೧ನೆಯ ನಮೂನೆ. ನಲವತ್ತು ವರ್ಷಗಳಿಗೂ ಮೀರಿದ ವಿಳಂಬವನ್ನು ಕಂಡು ಗುಮಾಸ್ತನು ಹುಬ್ಬೇರಿಸಬಹುದು, ದಂಡ ಕಟ್ಟಿಸಬಹುದು. ಆದರೆ ದಾರಿ ಮುಚ್ಚಿಲ್ಲ. ತಾತ, ಅಜ್ಜಿ, ಮಗ ಮೂವರ ಮರಣಪತ್ರಗಳು, ನಾಡಕಚೇರಿಯಿಂದ ವಂಶವೃಕ್ಷದ ದೃಢೀಕರಣ, ಒಬ್ಬರ ಹೆಸರಿಗೆ ಮಾಡಿಸುವುದಾದರೆ ಉಳಿದ ಹಕ್ಕುದಾರರೆಲ್ಲರ ಒಪ್ಪಿಗೆಯ ಪ್ರಮಾಣಪತ್ರ — ಇವಿಷ್ಟನ್ನು ಹಿಡಿದು ಕೆ.ಎ. ೦೮ರ ಕಚೇರಿಗೆ ಹೋಗಬೇಕು. ಅದಾದ ಮೇಲೆಯೇ ಕೊಳ್ಳುವವನ ಹೆಸರಿಗೆ ವರ್ಗಾಯಿಸುವ ೨೯ ಮತ್ತು ೩೦ನೆಯ ನಮೂನೆಗಳು. ಹೊರ ರಾಜ್ಯದವನಾದರೆ ೨೮ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ.

ನಮ್ಮ ದಲ್ಲಾಳಿಯು ಹೇಳಿರುವುದೇನು? “ಪುಸ್ತಕ ಕೊಡಿ, ಖಾಲಿ ನಮೂನೆಗೆ ಸಹಿ ಹಾಕಿ, ಉಳಿದುದನ್ನು ನಾವು ನೋಡಿಕೊಳ್ಳುತ್ತೇವೆ.” ಈ ಮಾತನ್ನು ಕೇಳಿದ ಕೂಡಲೇ ಎದ್ದು ಬಾಗಿಲು ತೋರಿಸಬೇಕು. ಹಳೆಯ ಪುಸ್ತಕ ಒಂದಿದ್ದರೆ, ಎಲ್ಲಿಯೋ ಮೂಲವಿಲ್ಲದೆ ಬಿದ್ದಿರುವ ಬೇರೊಂದು ಗಾಡಿಗೆ ಆ ಅಂಕಿಯನ್ನು ಕೆತ್ತಿ ಅದಕ್ಕೆ ಕುಲಗೋತ್ರ ಕೊಡುವ ವಿದ್ಯೆ ಬಲ್ಲವರಿದ್ದಾರೆ. ನಿಜವಾದ ಗಾಡಿಯು ಆಗ ಬಿಡಿಬಿಡಿಯಾಗಿ ಮಾರಿಹೋಗುತ್ತದೆ. ಅದಲ್ಲದೆ ಪುಸ್ತಕದಲ್ಲಿ ಯಾರ ಹೆಸರಿರುವುದೋ ಅವರೇ ಮಾಲೀಕರು. ಮಾರಿಬಿಟ್ಟೆನೆಂದರೂ ವರ್ಗಾವಣೆಯಾಗದ ಗಾಡಿಯ ಅಪಘಾತದ ಪರಿಹಾರಕ್ಕೆ ಹೆಸರುಳ್ಳ ಮಾಲೀಕನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಣ ಎಣಿಸಿಕೊಂಡ ಮಾತ್ರಕ್ಕೆ ಋಣ ಹರಿಯಿತೆಂದು ಎಣಿಸಬಾರದು.

ಐವತ್ತು ವರ್ಷ ಮೀರಿದ ಗಾಡಿಗಳಿಗಾಗಿ ಭಾರತ ಸರಕಾರವು ೨೦೨೧ರ ಜುಲೈಯಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಿತು. ಮೂಲರೂಪದಲ್ಲಿದ್ದು, ಷಾಸಿ, ಮೈಕಟ್ಟು, ಎಂಜಿನುಗಳಲ್ಲಿ ಗಣನೀಯ ಮಾರ್ಪಾಟಾಗದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ, ಮರುನೋಂದಣಿಗೆ ೫,೦೦೦. ಪ್ರಮಾಣಪತ್ರ ಹತ್ತು ವರ್ಷಕ್ಕೆ. ರಾಜ್ಯದ ಸಮಿತಿಯು ಗಾಡಿಯನ್ನು ಕಣ್ಣಾರೆ ಕಂಡು ಒಪ್ಪಬೇಕು. ಹೊಸದಾಗಿ ನೋಂದಾಯಿಸಿದವಕ್ಕೆ ‘ವಿ.ಎ.’ ಎಂಬ ಗುರುತು. ಮೊದಲೇ ನೋಂದಣಿಯಾದವು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ಮೆರವಣಿಗೆ, ಸಂಶೋಧನೆ, ಪೆಟ್ರೋಲು, ದುರಸ್ತಿ ಇಂತಹವಕ್ಕಲ್ಲದೆ ರಸ್ತೆಗಿಳಿಸಕೂಡದು. ಬಾಡಿಗೆ ಮುಂತಾದ ವ್ಯಾಪಾರಕ್ಕಂತೂ ಕೂಡದು. ಮದುವೆಯ ಮೆರವಣಿಗೆಗೆ ಬಾಡಿಗೆ ಬಿಟ್ಟು ಸಂಪಾದಿಸೋಣವೆಂದು ಕಿರಿಯ ಮೊಮ್ಮಗನು ತನ್ನ ಕಾಗದದ ಅಂಚಿನಲ್ಲಿ ಬರೆದಿರುವ ಆಲೋಚನೆ ಈ ನಿಯಮದೊಡನೆ ನಿಲ್ಲುವುದಿಲ್ಲ. ಆದರೆ ಮಾರುವುದಕ್ಕೆ ಅಡ್ಡಿಯಿಲ್ಲ; ಮಾರಿದವರೂ ಕೊಂಡವರೂ ತೊಂಬತ್ತು ದಿನಗಳೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು. ಇದು ಗಾಡಿಯನ್ನು ಗುಜರಿಯ ಬಾಯಿಂದ ಬಿಡಿಸಿದ ಒಳ್ಳೆಯ ನಿಯಮವೆಂದೇ ನಮ್ಮ ಮತ. ಶುಲ್ಕವು ಮಾತ್ರ ಸಂಗ್ರಾಹಕ ಶ್ರೀಮಂತನನ್ನು ಕಣ್ಣಮುಂದಿಟ್ಟುಕೊಂಡು ಗೊತ್ತುಮಾಡಿದಂತಿದೆ; ಷೆಡ್ಡಿನ ಬಡವಾರಸುದಾರನು ಆ ಅಧಿಕಾರಿಗಳ ಎಣಿಕೆಗೆ ಬಂದಂತಿಲ್ಲ.

ವಿದೇಶದವನಿಗೆ ಮಾರಿದರೆ ಹೆಚ್ಚು ಬಂದೀತೆಂಬ ಆಸೆಯನ್ನೂ ಬಿಡಬೇಕು. ೧೯೭೧ರಲ್ಲಿ ರಾಜಧನ ರದ್ದಾದ ಮೇಲೆ ಸಂಸ್ಥಾನಿಕರ ಗಾಡಿಗಳು ಹಡಗು ಹತ್ತತೊಡಗಿದುದನ್ನು ಕಂಡು ಸರಕಾರವು ೧೯೭೨ರಲ್ಲಿ ರಫ್ತಿಗೆ ತಡೆಯೊಡ್ಡಿತು. ಇಂದೂ ೧೯೫೦ಕ್ಕೆ ಹಿಂದಿನ ಗಾಡಿಯಾಗಲಿ ಅದರ ಬಿಡಿಭಾಗಗಳಾಗಲಿ ಅನುಮತಿಯಿಲ್ಲದೆ ದೇಶದ ಹೊರಗೆ ಹೋಗುವಂತಿಲ್ಲ. ಒಡೆಯರ ದೇಶದವರು ಬಿಟ್ಟುಹೋದುದನ್ನು ಅವರಿಗೇ ಮರಳಿ ಮಾರಲು ಬಾರದೆಂಬ ಈ ಕಟ್ಟಳೆಯಲ್ಲಿ ನಮಗೆ ಒಂದು ಬಗೆಯ ಸಂತೋಷವೇ ಉಂಟು.

ಹಾಗಾದರೆ ಮಾರಬೇಕೆ? ಮಾರಬೇಕೆಂದೇ ನಾವು ಹೇಳುತ್ತೇವೆ. ಷೆಡ್ಡಿನಲ್ಲಿ ತುಕ್ಕುಹಿಡಿಯುವ ಗಾಡಿಯಿಂದ ತಾತನ ಆತ್ಮಕ್ಕೆ ಶಾಂತಿಯಿಲ್ಲ. ಮುಂಜಾನೆಯ ರೈಲಿಗೆ ಓಡುವ ಹುಡುಗರಿಗೆ ಅದನ್ನು ಸಾಕುವ ಬಿಡುವೂ ಇಲ್ಲ, ಹಣವೂ ಇಲ್ಲ. ಭಾವನೆಯ ಹೆಸರಿನಲ್ಲಿ ಅವರಿಗೆ ಈ ಭಾರ ಹೊರಿಸುವುದು ಹೊರಗೆ ನಿಂತು ಮಾತನಾಡುವವರಿಗೆ ಸುಲಭ. ಆದರೆ ಯಾರಿಗೆ ಮಾರಬೇಕೆಂಬುದರಲ್ಲಿ ಆಯ್ಕೆಯುಂಟು. ಕರ್ನಾಟಕದಲ್ಲಿ ವಿಂಟೇಜ್ ಗಾಡಿಗಳ ಕ್ಲಬ್ಬಿದೆ. ಅದರ ಸದಸ್ಯರು ಪರಸ್ಪರ ಬಲ್ಲವರಾದ್ದರಿಂದ ಅಲ್ಲಿ ಹೇಳಿದ ಬೆಲೆಗೆ ನಾಲ್ಕು ಜನರ ಸಾಕ್ಷಿಯಿರುತ್ತದೆ. ಧರ್ಮಸ್ಥಳದಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಹಳೆಯ ಮೋಟಾರುಗಳ ಸಂಗ್ರಹವನ್ನು ಬೆಳೆಸಿದ್ದಾರೆ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವೂ ಆ ಧರ್ಮಸ್ಥಳದವರದೇ. ಅಂತಹ ಕಡೆ ಹೋದ ಗಾಡಿಯನ್ನು ಬಂಗಾರಪೇಟೆಯ ಅತ್ತೆ ಒಂದು ದಿನ ಬಸ್ಸು ಹತ್ತಿ ಹೋಗಿ ನೋಡಿಬರಬಹುದು. ಬೆಲೆ ಸ್ವಲ್ಪ ಕಡಿಮೆ ಬಂದರೂ ಕನ್ನಡನಾಡಿನಲ್ಲಿಯೇ, ಬಿಡಿಬಿಡಿಯಾಗದೆ, ನಂದಿದುರ್ಗದ ಗಾಡಿಯೆಂಬ ಚೀಟಿಯೊಡನೆ ಉಳಿಯುವ ಕಡೆಗೆ ಕೊಡುವುದನ್ನು ನಾವು ಇಷ್ಟಪಡುತ್ತೇವೆ. ಕೋಲಾರದ ಚಿನ್ನದ ಗಣಿಗೇ ಒಂದು ಸರಿಯಾದ ಸಂಗ್ರಹಾಲಯವಿದ್ದಿದ್ದರೆ ಈ ಮಾತೇ ಬೇಕಿರಲಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ಎಂಟುನೂರು ಟನ್ನು ಚಿನ್ನವನ್ನು ಕೊಟ್ಟ ಊರು ಒಂದು ಮಾರಿಸ್ ಗಾಡಿಗೆ ನೆರಳು ಕೊಡಲಾರದಂತಾಗಿರುವುದಕ್ಕೆ ಕಾರಣರಾದವರು ಸರಕಾರದ ಪಡಸಾಲೆಗಳಲ್ಲಿದ್ದಾರೆ, ಆ ಷೆಡ್ಡಿನಲ್ಲಲ್ಲ.

ಹಿರಿಯ ಮೊಮ್ಮಗನಿಗೆ ನಮ್ಮ ಸೂಚನೆ ಇಷ್ಟು. ದಲ್ಲಾಳಿಯ ಮುಂಗಡವನ್ನು ಇಬ್ಬರು ಸಾಕ್ಷಿಗಳ ಮುಂದೆ ಹಿಂದಕ್ಕೆ ಕೊಟ್ಟು ರಸೀತಿ ಬರೆಸಿಕೊಳ್ಳಲಿ. ಪುಸ್ತಕವು ಅವನ ಕೈಯಲ್ಲಿದ್ದರೆ ಮೊದಲು ಪುಸ್ತಕ, ಆಮೇಲೆ ಹಣ. ಗಾಡಿಯ ನಾಲ್ಕು ಕಡೆಯಿಂದಲೂ, ಎಂಜಿನಿನ ಮತ್ತು ಷಾಸಿಯ ಅಂಕಿಗಳದೂ ಛಾಯಾಚಿತ್ರ ತೆಗೆಸಿಡಲಿ. ನಾಡಕಚೇರಿಯ ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ಅತ್ತೆಯ ಹೆಸರನ್ನು ಬಿಡದೆ ಬರೆಯಿಸಲಿ. ಬಿಟ್ಟು ಬರೆಸಿದರೆ ಅದು ಸುಳ್ಳು ಪ್ರಮಾಣವಾಗುತ್ತದೆ. ಅದಕ್ಕೂ ಮುನ್ನ ಒಂದು ಭಾನುವಾರ, ರೈಲಿನ ಗಡಿಬಿಡಿಯಿಲ್ಲದ ದಿನ, ತಾಯಿಯನ್ನೂ ತಮ್ಮನನ್ನೂ ಕರೆದುಕೊಂಡು ಬಂಗಾರಪೇಟೆಗೆ ಹೋಗಲಿ. ಅರ್ಧ ಪಾಲನ್ನು ತೆಗೆದುಕೊಳ್ಳುವುದೋ, ಬಿಡುವುದೋ, ಅಣ್ಣನ ಮಕ್ಕಳಿಗೆ ಕೊಡುವುದೋ ಆಕೆಯ ಇಷ್ಟ. ಕಿರಿಯವನು ಬರೆದಿರುವ ಪ್ರಕಾರ ಗಾಡಿಯ ಎರಡನೆಯ ಕೀಲಿಯು ಅರುವತ್ತು ವರ್ಷಗಳಿಂದ ಆಕೆಯ ಪೆಟ್ಟಿಗೆಯಲ್ಲಿಯೇ ಇದೆ.